ಎಣಿಸಬ್ಯಾಡ, ಆಡು

ಹಟ್ಟಿಮನಿ, ಮುಧೋಳ ತಾಲೂಕು
12 ನವೆಂಬರ 2024

ರಂಜನಾಗ,

ಕಾಗದ ಬರಿಯೂವಾಗ ಮೊದಲು ಕ್ಷೇಮ ಕೇಳಬೇಕು ಅಂತ ಮೂರನೇತ್ತದಾಗ ಮಾಸ್ತರು ಕಲಿಸಿದ್ರು. ಅದ ವರ್ಷ ನಾ ಸಾಲಿ ಬಿಟ್ಟೆ, ಮುಂದ ಏನ ಬರೀಬೇಕು ಅನ್ನೂದು ಕಲಿಸಲಿಲ್ಲ. ನಿನ್ನ ಕ್ಷೇಮ ಏನ ಕೇಳಲಿ? ಊರ ಮಂದಿ ಎಲ್ಲಾ ಟೀವ್ಯಾಗ ನೋಡ್ಯಾರ. ನನಗ ಮೊಣಕಾಲ ಬ್ಯಾನಿ ಐತಿ. ನಾಲಿಗಿ ಛಲೋ ಐತಿ.

ಎಂಟು ದಿನ ಆತು ನಿನ್ನ ಫೋನು ಬಂದ್. ನಿಮ್ಮಪ್ಪ ಪಾಂಡಪ್ಪ ದಿನಾ ಮುಂಜಾನಿ ಮಾಳಗಿ ಹತ್ತಿ ಫೋನ ಹಚ್ಚತಾನ, ಸುಮ್ಮನ ಇಳದು ಬರತಾನ. ನಿಮ್ಮವ್ವನ ರೊಟ್ಟಿ ಬಡಿಯೂ ಸಪ್ಪಳ ಹೆಚ್ಚಾಗೇತಿ, ಅರ್ಧಾ ಕಿವುಡಿ ನನಗೂ ಕೇಳತೈತಿ. ಫೋನಿನ್ಯಾಗ ನನಗ ಬರೇ ಜೀರುಂಡಿ ಕೂಗಿದಂಗ ಆಕ್ಕೈತಿ, ಅದಕ್ಕ ಪೋಸ್ಟಿಗೆ ಕಳಿಸಿ ಕವರು ತರಿಸೇನಿ.

ಆ ಫುಟಬಾಲ ಆಟ ನಾ ರೇವಪ್ಪನ ಮನ್ಯಾಗ ನೋಡಿದೆ. ಪಂಚಾಯ್ತಿ ಮೆಂಬರ ಆದಮ್ಯಾಲ ಗ್ವಾಡಿಯಷ್ಟು ದೊಡ್ಡ ಟೀವಿ ತಂದಾನ. ಮಂಗ್ರಿ ಅನ್ನೂ ನಿನ್ನ ತಂಡದ ಹುಡುಗಿ ಕಡೀ ಗಳಿಗ್ಯಾಗ ಗೋಲ ಹೊಡದಾಗ ರೇವಪ್ಪ ಖುರ್ಚಿ ಕೆಡವಿ ಎದ್ದ. "ಆಯಿ, ನಿನ್ನ ಮೊಮ್ಮಗಳು ದೇಶಾನ್ನ ಏಷ್ಯಾ ಕಪ್ಪಿಗೆ ಒಯ್ಯಾಕತ್ತಾಳ ನೋಡಬೇ!" ಅಂದು ನನ್ನ ಕಾಲಿಗೆ ಬಿದ್ದ. ಮರುದಿನ ಸುದ್ದಿ ತಿರುಗಿತು. ಆ ಹುಡುಗಿಗೆ ಹಿಂದಿನ ಎರಡು ಆಟದಾಗ ಒಂದೊಂದು ಹಳದಿ ಕಾರ್ಡು ಬಿದ್ದಿದ್ವಂತ, ಎರಡು ಬಿದ್ರ ಮುಂದಿನ ಆಟಕ್ಕ ಹೊರಗ ಕುಂದ್ರಬೇಕಂತ, ನೀ ಆಡಿಸಿದೆಂತ. ಗೆದ್ದ ಆಟ ಸೋತಂಗ ಬರಕೊಂಡ್ರಂತ. ಏಷ್ಯಾ ಕಪ್ಪಿಗೆ ಹೋಗೂದು ತಪ್ಪಿತು.

ಮೂರನೇ ದಿನಕ್ಕ ಅದ ರೇವಪ್ಪ ಚಾದಂಗಡ್ಯಾಗ ಕುಂತು, "ಕುರಿ ಕಾಯೂ ಮಂದೀನ್ನ ಕೋಚ ಮಾಡಿದ್ರ ಇನ್ನೇನಾಕ್ಕೈತಿ? ಎರಡರ ತನಕ ಎಣಿಸಾಕ ಬರಂಗಿಲ್ಲ" ಅನ್ನಾಕತ್ತಿದ್ದ. ನಾ ಬಂದದ್ದು ನೋಡಿರಲಿಲ್ಲ. "ಲೇ ರೇವಪ್ಪ, ಮೊನ್ನಿ ನೀ ಬಿದ್ದ ಕಾಲು ಇನ್ನೂ ನನ್ನ ಹಂತ್ಯಾಕ ಅದಾವ. ಬೀಳಾಕ ಒಂದು, ಒದಿಸಿಕೊಳ್ಳಾಕ ಒಂದು. ಎರಡಾದ್ವು ನೋಡು, ಎಣಿಸ್ಕೋ" ಅಂದೆ. ಅಂಗಡಿ ಮಂದಿ ನಕ್ರು. ಅಂವ ಚಾ ಅರ್ಧಾ ಬಿಟ್ಟು ಹೋದ.

ಮುಧೋಳ ಸ್ಟ್ಯಾಂಡಿನ ಮುಂದ ನಿನ್ನ ಫೋಟೋದ ಬ್ಯಾನರು ಕಟ್ಟಿದ್ರಲ್ಲ, ಅದನ್ನ ಬಿಚ್ಯಾರ. ಹಗ್ಗ ಕಂಬದಾಗ ಹಂಗ ಜೋತಾಡಾಕತ್ತಾವ.

ಇವೆಲ್ಲಾ ಇರಲಿ. ನಿಮ್ಮಪ್ಪ ಪೇಪರಿನ್ಯಾಗಿನ ಒಂದು ಸಾಲು ಓದಿ ಹೇಳಿದ. "ಆಟಗಾರ್ತಿಯೇ ಮಾಹಿತಿ ಮುಚ್ಚಿಟ್ಟಿದ್ದಳೆಂದು ತಿಳಿದುಬಂದಿದೆ." ಯಾರಿಗೆ ತಿಳದ ಬಂತು? ಯಾವ ಬಸ್ಸು ಹತ್ತಿ ಬಂತು? ಖರೆ ಏನು ಬರಿ.

ನಿನ್ನ ಆಯಿ
ತಂಗೆವ್ವ

•

ದಿಲ್ಲಿ
24 ನವೆಂಬರ 2024

ಆಯಿ,

ನಿನ್ನ ಕಾಗದ ಮುಟ್ಟಿತು. ಅಪ್ಪ-ಅವ್ವಗ ನಾ ಆರಾಮ ಅದೇನಿ ಅಂತ ಹೇಳು. ಪೇಪರಿನವರ ಕಾಟಕ್ಕ ಫೋನು ಬಂದ್ ಇಟ್ಟೇನಿ, ಬ್ಯಾರೇನಿಲ್ಲ.

ತಪ್ಪು ಆಗೇತಿ. ಯಾರಿಗೆ ಎಷ್ಟು ಕಾರ್ಡು ಅನ್ನೂ ಪಟ್ಟಿ ನಮ್ಮ ಮ್ಯಾನೇಜರ ಬಾಳಾಸಾಹೇಬರ ಕೈಗೆ ಬಂದಿತ್ತು. ಅವರು ನನ್ನ ಫೈಲಿನ್ಯಾಗ ಹಾಕಿದೆ ಅಂತಾರ. ನಾ ತಗದು ನೋಡಲಿಲ್ಲ. ಹುಡುಗಿನೂ ಏನೂ ಹೇಳಲಿಲ್ಲ.

ಜನವರಿ ಹದಿನಾರಕ್ಕ ಚೌಕಶಿ-ವಿಚಾರಣಿ ಐತಿ. ಮೂರು ಮಂದಿ ಕಮಿಟಿ. ಹೇಳಿಕೆ ಆಗಲೇ ಟೈಪ ಮಾಡಿ ಕೊಟ್ಟಾರ. ಗೊತ್ತಿದ್ದರೂ ಕೋಚಿಗೆ ತಿಳಿಸಲಿಲ್ಲ ಅಂತ ಮಂಗ್ರಿ ಸಹಿ ಮಾಡಬೇಕು, ಅದು ಖರೆ ಅಂತ ನಾ ಸಹಿ ಮಾಡಬೇಕು. ಹಂಗಾದ್ರ ಆಕಿ ಒಂದು ವರ್ಷ ಆಡೂಹಂಗಿಲ್ಲ. ನನ್ನ ಜಾಗಾ ಉಳೀತೈತಿ.

ಇಲ್ಲೆ ಈಗ ಭಾಳ ಥಂಡಿ. ಮುಂಜಾನಿ ಹತ್ತರ ತನಕ ಎದುರಿನ ಬಿಲ್ಡಿಂಗು ಕಾಣಂಗಿಲ್ಲ. ಹೊಗಿನೋ ಮಂಜೋ ಗೊತ್ತಾಗಂಗಿಲ್ಲ. ಮಂದಿ ಬಾಯಿಗೆ ಅರಿವಿ ಕಟಗೊಂಡು ಅಡ್ಡಾಡತಾರ. ನೀ ಕೊಟ್ಟ ಕಂಬಳಿ ಹೊಚಗೋತೇನಿ. ಕೆಳಗ ಒಬ್ಬಾಂವ ಗೆಣಸು ಸುಟ್ಟು ಮಾರತಾನ, ಮ್ಯಾಲ ಲಿಂಬಿ ಹಿಂಡಿ ಕೊಡತಾನ, ಛಲೋ ಇರತೈತಿ.

ಇದರ ಬಗ್ಗೆ ಊರಾಗ ಯಾರ ಮುಂದೂ ಮಾತಾಡಬ್ಯಾಡ ಆಯಿ. ಕೈಮುಗಿದು ಕೇಳತೇನಿ.

ರಂಜನಾ

•

ಹಟ್ಟಿಮನಿ
6 ಡಿಸೆಂಬರ 2024

ರಂಜನಾಗ,

ದಿಲ್ಲಿ ಥಂಡಿ ಭಾಳ ಛಂದ ಬರದಿ. ಗೆಣಸೂ ಬರದಿ.

ನೀ ಏಳು ವರ್ಷದಾಕಿ ಇದ್ದಾಗ ಬೀಳಗಿ ಕಡೆ ಕುರಿ ಒಯ್ದಿದ್ವಿ. ಒಂದ ಸಂಜೀಕ ಬಂದು ಹೊಳಿ ಬಗ್ಗೆ ಹೇಳಾಕ ಹತ್ತಿದಿ. ನೀರು ಹೆಂಗ ಹರ್ಯಾಕತ್ತೈತಿ, ಕೊಕ್ಕರಿ ಹೆಂಗ ನಿಂತಾವ. ನಿನ್ನ ಬಾಯಿಂದ ಅಷ್ಟ ಮಾತ ಎಂದೂ ಬಂದಿರಲಿಲ್ಲ. ನಾ ಸುಮ್ಮನ ಕೇಳಿದೆ. ಕೊಕ್ಕರಿ ಮುಗದ ಮ್ಯಾಲ ಅಳಾಕ ಚಾಲೂ ಮಾಡಿದಿ. ಮರಿ ಕಳದು ಬಂದಿದ್ದಿ, ಜಾಲಿ ನೆರಳಾಗ ಮಲಕೊಂಡು. ನಿನ್ನ ಕಾಗದದಾಗ ತಪ್ಪಿಗೆ ಐದು ಸಾಲು ಅದಾವ, ಥಂಡಿಗೆ ಆರು ಅದಾವ. ಅದಕ್ಕ ಕೇಳಾಕತ್ತೇನಿ, ಮರಿ ಎಲ್ಲಿ ಕಳದಿ?

ಕಮಿಟಿಯವರಿಗೆ ನೀ ಯಾರು ಅನ್ನೂದು ಗೊತ್ತಿಲ್ಲ. ನನಗ ಗೊತ್ತೈತಿ. ಜಮಖಂಡಿ ಸಾಲಿ ಬಯಲಿನ ಬಾಜೂಕ ನಮ್ಮ ಕುರಿ ತರುಬಿದ್ವಿ. ಗಂಡು ಹುಡುಗರ ಚಂಡು ಬಂದು ಹಿಂಡಿನ ನಡುವ ಬಿತ್ತು, ಕುರಿ ಚದರಿದ್ವು. ನೀ ಸಿಟ್ಟಿಲೆ ಒದ್ದಿ ನೋಡು, ಆ ಚಂಡು ಸಾಲಿ ಗ್ವಾಡಿಗೆ ಬಡೀತು. ಗಿರಿಮಲ್ಲಪ್ಪ ಮಾಸ್ತರ ಚಂಡ ಬಿಟ್ಟು ನಿನ್ನ ಹಿಂದ ಬಂದ. "ಈ ಹುಡುಗೀನ್ನ ನನಗ ಕೊಡ್ರಿ" ಅಂದ. "ನಿಮ್ಮ ಮಗಗ ತಗೋತೀರೇನ್ರಿ?" ಅಂತ ಕೇಳಿದ ನಿಮ್ಮಪ್ಪ. ಮಾಸ್ತರಗ ನಗಬೇಕೋ ಅಳಬೇಕೋ ತಿಳೀಲಿಲ್ಲ, "ತಂಡಕ್ಕರೀ ಯಜಮಾನರ" ಅಂದ.

ಹದಿನಾರು ವರ್ಷಕ್ಕ ನಿನ್ನ ನೋಡಾಕ ಬೀಳಗಿಯವರು ಬಂದ್ರು. ನಿಮ್ಮಪ್ಪ ಹೂಂ ಅಂದಿದ್ದ. ಹುಡುಗನ ಅವ್ವ, "ಹುಡುಗಿ ಓಡೂದು ನಿಲ್ಲಿಸ್ತಾಳೇನು?" ಅಂದ್ಲು. "ನಿಮ್ಮ ಮಗ ಓಡಾಕ ಚಾಲೂ ಮಾಡತಾನೇನು?" ಅಂದೆ. ಎದ್ದು ಹೋದ್ರು, ಶಿರಾ ಹಂಗ ಉಳೀತು. ನೀನ ತಿಂದಿ. ಆಮ್ಯಾಲ ರೈಲ್ವೆ ತಂಡ, ಆಮ್ಯಾಲ ಮೊಣಕಾಲ ಮುರಕೊಂಡಿ, ಇಪ್ಪತ್ತೇಳಕ್ಕ ಆಟ ಮುಗೀತು. ಇನ್ನ ಬರತಾಳ ಹಟ್ಟಿಗೆ ಅಂದ್ರು ಎಲ್ಲಾರೂ. ನೀ ಬರಲಿಲ್ಲ. ಬ್ಯಾರೇವರ ಮಕ್ಕಳಿಗೆ ಆಡಾಕ ಕಲಿಸಿದಿ. ಒಂಬತ್ತು ವರ್ಷ ಆತು ದೇಶದ ಹೆಣ್ಣಮಕ್ಕಳ ತಂಡ ನಿನ್ನ ಕೈಯಾಗ ಬಂದು. ಚಾದ ತೋಟದಾಗ, ಇಟ್ಟಂಗಿ ಭಟ್ಟ್ಯಾಗ, ಮೀನ ಮಾರೂವಲ್ಲಿ ಹೋಗಿ ಹೋಗಿ ಹುಡುಗ್ಯಾರನ ಹುಡುಕಿ ತಂದಿ.

ನಮ್ಮ ಮನಿತನದಾಗ ಕುರಿ ಎಣಿಸೂದಿಲ್ಲ. ಎಣಿಸಿದ್ರ ಕಮ್ಮಿ ಆಕ್ಕಾವ ಅಂತ ನಮ್ಮ ಹಿರ್ಯಾರು ಹೇಳಿದ್ದು. ಸಂಜೀಕ ಕುರಿ ದೊಡ್ಡಿ ಬಾಗಿಲ್ದಾಗ ನಿಂತು ಒಂದೊಂದರ ಮಾರಿ ನೋಡಿ ಒಳಗ ಬಿಡತೇವಿ. ಯಾವುದು ಬಂದಿಲ್ಲ ಅಂತ ಕಣ್ಣ ಹೇಳತೈತಿ. ನಿನಗ ನಾನ ಕಲಿಸಿದೆ. ತಂಡ ಕಟ್ಟೂವಾಗ ನೀ ಕಂಪ್ಯೂಟರ ಲೆಕ್ಕ ಬಾಜೂಕಿಟ್ಟು, ಮುಂಜಾನಿ ಹುಡುಗ್ಯಾರ ಮಾರಿ ನೋಡಿ ಹನ್ನೊಂದು ಮಂದೀನ್ನ ಆರಸ್ತಿ ಅಂತ ಹಿಂದಕ ಪೇಪರಿನವರು ಹಾಡಿ ಹೊಗಳಿದ್ರು. ನಿಮ್ಮಪ್ಪ ಆ ತುಂಡು ಕತ್ತರಿಸಿ ದೇವರ ಜಗಲಿ ಮ್ಯಾಲ ಇಟ್ಟಾನ. ಈಗ ಅವರ "ಎಣಿಸಾಕ ಬರಂಗಿಲ್ಲ" ಅಂತಾರ.

ಮಾರಿ ನೋಡಿ ಆರಸಾಕಿ ನೀ. ಆ ಮುಂಜಾನಿ ಮಂಗ್ರಿ ಮಾರಿನೂ ನೋಡಿರತಿ. ಎರಡು ಕಾರ್ಡು ಬಿದ್ದಾಕಿ ಮಾರಿ ಹೆಂಗಿತ್ತು? ಆಕಿ ಏನಂದ್ಲು?

ಥಂಡಿ ಬಗ್ಗೆ ಬರದ್ರ ಹರದ ಒಗಿತೇನಿ.

ತಂಗೆವ್ವ

•

ದಿಲ್ಲಿ
19 ಡಿಸೆಂಬರ 2024

ಆಯಿ,

ಮೂರು ಸಲ ಬರದು ಹರದೆ. ಇದು ನಾಕನೇದು.

ಆ ಮುಂಜಾನಿ ಹೋಟೆಲ್ಲಿನಿಂದ ಮೈದಾನಕ್ಕ ಹೋಗೂ ಬಸ್ಸಿನ್ಯಾಗ ಮಂಗ್ರಿ ನನ್ನ ಬಾಜೂಕ ಬಂದು ಕುಂತ್ಲು. ಹದಿನೆಂಟು ವರ್ಷದ ಹುಡುಗಿ. ಝಾರ್ಖಂಡದ ಹಳ್ಳಿಯಾಕಿ, ಮಂಗಳವಾರ ಹುಟ್ಟ್ಯಾಳಂತ ಆ ಹೆಸರು. ನಮ್ಮಲ್ಲಾಗಿದ್ರ ಮಂಗಳವ್ವ ಅಂತಿದ್ವಿ. ಬೂಟಿನ ದಾರ ಕಟ್ಟೂದು, ಬಿಚ್ಚೂದು ಮಾಡಾಕತ್ತಿದ್ಲು. "ದೀದಿ, ನನ್ನ ಕಾರ್ಡು ಎರಡಾದವೇನೋ ಅನಸ್ತೈತಿ" ಅಂದ್ಲು.

ನಾ ಆಕಿ ಮಾರಿ ನೋಡಿದೆ. ಅಂಜ್ಯಾಳ ಅಂತ ತಿಳಕೊಂಡೆ. ದೊಡ್ಡ ಆಟದ ದಿನ ಹುಡುಗ್ಯಾರು ಏನೇನೋ ನೆಪ ಹೇಳತಾರ. ಹೊಟ್ಟಿ ನೋವು ಅಂತಾರ, ಕಾಲ ಹಿಡದೈತಿ ಅಂತಾರ. ಫೈಲು ನನ್ನ ತೊಡಿ ಮ್ಯಾಲ ಇತ್ತು. ತಗದು ನೋಡಿದ್ರ ಮುಗೀತಿತ್ತು. ನಾ ಆಕಿ ತಲಿ ಮ್ಯಾಲ ಕೈ ಇಟ್ಟು, "ಎಣಿಸಬ್ಯಾಡ, ಆಡು" ಅಂದೆ.

ಆಕಿ ಆಡಿದ್ಲು.

ಇದು ನಮ್ಮಿಬ್ಬರ ಬಿಟ್ರ ಯಾರಿಗೂ ಗೊತ್ತಿಲ್ಲ. ಈಗ ನಿನಗ ಗೊತ್ತು. ಇನ್ನ ನನ್ನ ಮಾತೂ ಕೇಳು. ಈ ಖುರ್ಚಿ ಮ್ಯಾಲ ಕುಂತ ಮೊದಲ ಹೆಣ್ಣಮಗಳು ನಾನು. ಕುಂದ್ರಿಸೂವಾಗ ಅರ್ಧಾ ಮಂದಿ ನಕ್ಕಿದ್ರು. ನಾ ಎದ್ದು ಹೋದ್ರ, "ನೋಡಿದ್ರ್ಯಾ, ಹೆಂಗಸರ ಕೈಯಾಗ ಕೊಟ್ರ ಹಿಂಗ" ಅಂತ ಇನ್ನ ಇಪ್ಪತ್ತು ವರ್ಷ ಒಬ್ಬಾಕೀನ್ನೂ ಕುಂದ್ರಸಂಗಿಲ್ಲ. ಮಂಗ್ರಿಗೆ ಒಂದು ವರ್ಷ ಹೋಗತೈತಿ, ಆಕಿ ಕಾಲ ಗಟ್ಟಿ ಅದಾವ, ಹತ್ತೊಂಬತ್ತಕ್ಕ ತಿರುಗಿ ಬರತಾಳ. ನಾ ಉಳದ್ರ ನಾನ ಆಕೀನ್ನ ತಿರುಗಿ ತರತೇನಿ. ಆಕೀನೂ ಒಪ್ಪ್ಯಾಳ. "ದೀದಿ, ನೀವು ಹೇಳಿದಲ್ಲೆ ಸಹಿ ಹಾಕತೇನಿ" ಅಂದ್ಲು. ಯಾಕಂತ ಒಂದ ಮಾತು ಕೇಳಲಿಲ್ಲ.

ಇದು ಸ್ವಾರ್ಥ ಅಂತ ನೀ ಅಂತಿ. ಬರೇ ಸ್ವಾರ್ಥ ಅಲ್ಲ ಆಯಿ.

ರಂಜನಾ

•

ಹಟ್ಟಿಮನಿ, ಮುಧೋಳ ತಾಲೂಕು, ಬಾಗಲಕೋಟಿ ಜಿಲ್ಲಾ
28 ಡಿಸೆಂಬರ 2024

ದಿಲ್ಲ್ಯಾಗಿನ ಫುಟಬಾಲ ಚೌಕಶಿ ಕಮಿಟಿ ಸಾಹೇಬರಿಗೆ,

ನಾ ತಂಗೆವ್ವ. ನಿಮ್ಮ ಕೋಚು ರಂಜನಾಳ ಆಯಿ. ವಯಸ್ಸು ಎಂಬತ್ತರ ಮ್ಯಾಲ, ಎಷ್ಟು ಮ್ಯಾಲ ಅಂತ ಯಾರೂ ಬರದಿಟ್ಟಿಲ್ಲ. ಕನ್ನಡ ಬಿಟ್ಟು ಬ್ಯಾರೆ ಬರಂಗಿಲ್ಲ. ಓದಾಕ ಮನಷ್ಯಾ ಸಿಗಲಿಲ್ಲ ಅಂದ್ರ ಹುಡುಕ್ರಿ, ದಿಲ್ಲ್ಯಾಗ ಎಲ್ಲಾ ಸಿಗತೈತಿ ಅಂತಾರ.

ಎರಡು ಕಾರ್ಡು ಎಣಿಸಲಿಲ್ಲ ಅಂತ ಆಕೀನ್ನ ಕಟಕಟ್ಯಾಗ ನಿಲ್ಲಿಸೀರಿ. ಎಣಿಸಬಾರದು ಅಂತ ಕಲಿಸಿದಾಕಿ ನಾನು. ಕುರಿ ಎಣಿಸಿದ್ರ ಕೇಡು ಅಂತ ಆಕಿ ಕೈ ಮ್ಯಾಲ ಎರಡ ಸಲ ಬಡದೇನಿ. ಆವಾಗ ಫುಟಬಾಲು ಅಂತ ಒಂದು ಐತಿ, ಅದಕ್ಕ ಕಾರ್ಡು ಅಂತ ಇರತಾವ ಅನ್ನೂದು ನನಗ ಗೊತ್ತಿದ್ದಿಲ್ಲ. ಹಿಂಗಾಗಿ ಬುನಾದಿ ತಪ್ಪು ನಂದು. ನೋಟೀಸು ಕೊಡೂದಿದ್ರ ಈ ಪತ್ತೆಕ್ಕ ಕಳಸ್ರಿ. ಎತ್ತಿನ ಗಾಡಿ ಆದ್ರೂ ಹೂಡಿಕೊಂಡು ಬರತೇನಿ. ಆದ್ರ ಬಂದು ಮಾಫಿ ಕೇಳತೇನಿ ಅಂತ ತಿಳಕೋಬ್ಯಾಡ್ರಿ. ಎಣಿಸಲಾರದ ಒಂಬತ್ತು ವರ್ಷ ಆಕಿ ನಿಮಗ ಗೆಲ್ಲಿಸಿ ಕೊಟ್ಟಾಗ ನೀವು ಯಾರೂ ನನಗ ಕಾಗದ ಬರೀಲಿಲ್ಲ.

ಇನ್ನೊಂದು. ಆ ಸಣ್ಣ ಹುಡುಗಿ ಹೆಸರಿಲೆ ಒಂದು ಹೇಳಿಕೆ ಟೈಪ ಮಾಡಿಸೀರಿ ಅಂತ ಕೇಳೇನಿ. ಚೌಕಶಿ ಆಗೂಕಿಂತ ಮೊದಲ ಹೇಳಿಕೆ ಹೆಂಗ ತಯಾರಾತು? ನಮ್ಮಲ್ಲೆ ಕುರಿ ಸತ್ತಮ್ಯಾಲ ಚರ್ಮ ಸುಲೀತಾರ. ಹುಡುಗಿ ಆ ಮುಂಜಾನಿ ಏನು ಹೇಳಿದ್ಲು, ಏನು ಹೇಳಲಿಲ್ಲ ಅನ್ನೂದು ನಾ ಬರಿಯಂಗಿಲ್ಲ. ಅದು ನನ್ನ ಮೊಮ್ಮಗಳ ಬಾಯಾಗ ಐತಿ. ಆಕೀನ್ನ ಕೇಳ್ರಿ. ಕಾಗದ ತೋರಿಸಿ ಕೇಳಬ್ಯಾಡ್ರಿ, ಮಾರಿ ನೋಡಿ ಕೇಳ್ರಿ.

ತಂಗೆವ್ವ, ಹೆಬ್ಬಟ್ಟಲ್ಲ, ಸಹಿ

•

ಹಟ್ಟಿಮನಿ
29 ಡಿಸೆಂಬರ 2024

ರಂಜನಾ,

ನಿನ್ನೆ ನಿಮ್ಮ ಕಮಿಟಿಗೆ ನಾನೊಂದು ಕಾಗದ ಹಾಕೇನಿ. ರಿಜಿಸ್ಟರ ಮಾಡಿ. ನಿನ್ನ ಗುಟ್ಟು ಅದರಾಗ ಬರದಿಲ್ಲ. ನನ್ನ ಗುಟ್ಟು ಬರದೇನಿ. ಸಿಟ್ಟಿಗೇಳೂದಿದ್ರ ಏಳು.

ಇಪ್ಪತ್ತು ವರ್ಷ ಹೆಂಗಸರನ ಕುಂದ್ರಸಂಗಿಲ್ಲ ಅಂತಿ. ಸುಳ್ಳ ಸಹಿ ಮ್ಯಾಲ ಕುಂತ ಹೆಂಗಸನ ನೋಡಿ ಮುಂದಿನಾಕಿ ಏನ ಕಲೀತಾಳ? ಸಣ್ಣಾಕಿ ಕುತ್ತಿಗಿ ಮ್ಯಾಲ ಕಾಲಿಟ್ಟು ಹತ್ತೂದು ಕಲೀತಾಳ. ಗಂಡಸರು ಅದನ್ನ ಮೊದಲಿಂದ ಮಾಡಕೋತ ಬಂದಾರ, ನಿನ್ನ ಕಡಿಂದ ಕಲಿಯೂದು ಏನೈತಿ? ಮತ್ತ ಆ ಹುಡುಗಿ "ಹೇಳಿದಲ್ಲೆ ಸಹಿ ಹಾಕತೇನಿ" ಅಂದಳಲ್ಲ, ಆಕಿ ಮಾರಿ ಆವಾಗ ನೋಡಿದ್ಯೋ ಇಲ್ಲೋ? ನೀ ಅದನ್ನ ಬರೀಲಿಲ್ಲ. ಮಾರಿ ನೋಡಾಕಿ ನೀ, ಅದನ್ನೊಂದು ಯಾಕ ಬಿಟ್ಟಿ?

ಈ ಕಾಗದದ ಮಡಿಕ್ಯಾಗ ಬೀರಪ್ಪನ ಗುಡಿ ಭಂಡಾರ ಇಟ್ಟೇನಿ, ಅರಿಶಿಣ ಚೆಲ್ಲಬ್ಯಾಡ. ಭಂಡಾರ ಹಚ್ಚಿಕೊಂಡ ಹಣಿಲೆ ಸುಳ್ಳ ನುಡಿಯೂದಿಲ್ಲ ಅಂತ ನಮ್ಮ ಹಟ್ಟ್ಯಾಗ ರೂಢಿ ಐತಿ, ನಿನಗ ಹೇಳಬೇಕಾಗಿಲ್ಲ. ಹದಿನಾರನೇ ತಾರೀಖ ಹಚ್ಚಿಕೊಂಡು ಒಳಗ ಹೋಗು. ಹಚ್ಚಿಕೊಂಡೂ ಸಹಿ ಮಾಡಾಕ ಕೈ ಬಂತಂದ್ರ ಮಾಡು. ನಾ ಒಂದ ಮಾತು ಅನ್ನಂಗಿಲ್ಲ. ಇನ್ನ ಮುಂದ ಎಂದೂ ಅನ್ನಂಗಿಲ್ಲ.

ತಂಗೆವ್ವ

•

ದಿಲ್ಲಿ
20 ಜನವರಿ 2025

ಆಯಿ,

ನಿನ್ನ ಮ್ಯಾಲ ನನಗ ಭಾಳ ಸಿಟ್ಟು ಬಂದಿತ್ತು. ಕಮಿಟಿಗೆ ಕಾಗದ ಹಾಕೇನಿ ಅಂತ ಓದಿದ ದಿನ ಊಟ ಮಾಡಲಿಲ್ಲ. ನಲವತ್ತೊಂದು ವರ್ಷದಾಕಿ, ನನ್ನ ಪರವಾಗಿ ನಮ್ಮಾಯಿ ಬರೀತಾಳ ಅಂತ ಎಲ್ಲಾರೂ ನಗತಾರ ಅಂತ.

ನಕ್ರು.

ಹದಿನಾರಕ್ಕ ದೊಡ್ಡ ಮೇಜು, ಆ ಕಡೆ ಮೂರು ಮಂದಿ. ಬಾಳಾಸಾಹೇಬರು ಒಂದು ಕಡೆ ಕುಂತಿದ್ರು, ನನ್ನ ಮಾರಿ ನೋಡಲಿಲ್ಲ. ಮಂಗ್ರಿ ಹೊರಗ ಬೆಂಚಿನ ಮ್ಯಾಲ. ಆಕೀನ್ನ ಆಮ್ಯಾಲ ಕರಿಯೂದಿತ್ತು. ಶುರುವಿಗೇ ಅಧ್ಯಕ್ಷರು, "ನಿಮ್ಮ ಊರಿಂದ ಒಂದು ಮಜಾದ ಕಾಗದ ಬಂದೈತಿ" ಅಂದ್ರು. ಆಫೀಸಿನ್ಯಾಗಿನ ಧಾರವಾಡದ ಕ್ಲಾರ್ಕು ಅದನ್ನ ಹಿಂದಿಗೆ ತಿರುವಿ ಓದಿದ. ಎತ್ತಿನ ಗಾಡಿ ಬಂದಾಗ ನಕ್ರು. ಕುರಿ ಎಣಿಸೂದು ಬಂದಾಗ ಒಬ್ಬರು ನಕ್ಕು ನಕ್ಕು ಕಣ್ಣೊರಸಿಕೊಂಡ್ರು. ಚರ್ಮ ಸುಲಿಯೂ ಸಾಲಿಗೆ ಬಂದಾಗ ಆ ಕ್ಲಾರ್ಕು ಕಾಗದ ಕೆಳಗಿಟ್ಟ. ನೀರು ಕುಡದು ಓದಿದ. ಅಲ್ಲೆ ಯಾರೂ ನಗಲಿಲ್ಲ.

ಅಧ್ಯಕ್ಷರು ಕಾಗದ ಮಡಚಿ ನನ್ನ ಕಡೆ ಸರಿಸಿದ್ರು. "ಇದನ್ನ ಫೈಲಿಗೆ ಹಚ್ಚಂಗಿಲ್ಲ ಮೇಡಂ, ನಿಮಗ ಮರ್ಯಾದಿ ಅಲ್ಲ. ಹೇಳಿಕೆಗೆ ಸಹಿ ಮಾಡ್ರಿ, ಮುಗಿಸೂಣು" ಅಂದು ಪೆನ್ನು ಕೊಟ್ರು. ನನ್ನ ಹಣಿ ಮ್ಯಾಲ ಅರಿಶಿಣ ಯಾಕ ಐತಿ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ನೀ ಕೇಳಿದ್ದಿ ನೋಡು, ಮಂಗ್ರಿ ಮಾರಿ ನೋಡಿದ್ಯೋ ಇಲ್ಲೋ ಅಂತ. ಆಕಿ ಸಹಿ ಹಾಕತೇನಿ ಅಂದಾಗ ನೋಡಿರಲಿಲ್ಲ ಆಯಿ. ಕಿಡಕಿ ನೋಡಾಕತ್ತಿದ್ದೆ. ಈ ಹದಿನಾರಕ್ಕ ಒಳಗ ಹೋಗೂಮುಂದ ಬೆಂಚಿನ ಮುಂದ ನಿಂತು ನೋಡಿದೆ. ಆಕಿ ಮಾರ್ಯಾಗ ಸಿಟ್ಟು ಇದ್ದಿದ್ರ ತಡಕೋತಿದ್ದೆ. ಆಕಿ ಅದೊಂದು ಆಟ ಇದ್ದಂಗ, ನಾ ಏನ ಹೇಳತೇನಿ ಅಂತ ಕಾಯಾಕತ್ತಿದ್ಲು. ಆ ದಿನ ಬಸ್ಸಿನ್ಯಾಗ ಕಾದಂಗ.

"ಕಾಗದ ಫೈಲಿಗೆ ಹಚ್ಚ್ರಿ" ಅಂದೆ. ಹೇಳಿಕೆ ಹಿಂದಕ ಸರಿಸಿ, ಬಸ್ಸಿನ್ಯಾಗ ಆದ ಮಾತು ಇದ್ದದ್ದು ಇದ್ದಂಗ ಹೇಳಿದೆ. ಹುಡುಗಿ ಹೇಳಿದ್ಲು, ನಾ ಕೇಳಲಿಲ್ಲ, ಪಟ್ಟಿ ನನ್ನ ತೊಡಿ ಮ್ಯಾಲ ಇತ್ತು. ಅಧ್ಯಕ್ಷರು ಕನ್ನಡಕ ತಗದ್ರು. "ಇದನ್ನ ಬರಕೊಂಡ್ರ ನಿಮ್ಮ ಕೆಲಸ ಉಳಿಯಂಗಿಲ್ಲ, ಗೊತ್ತಿರಲಿ" ಅಂದ್ರು. "ಬರಕೋರಿ. ಸಾವಕಾಶ ಹೇಳತೇನಿ, ಒಂದ ಮಾತೂ ಬಿಡಬ್ಯಾಡ್ರಿ" ಅಂದೆ. ಆಯಿ, ಅದು ನನ್ನ ದನಿ ಅಲ್ಲ, ನಿಂದು.

ಇವತ್ತು ಆರ್ಡರು ಬಂತು. ನನ್ನ ತಗದಾರ. ಎರಡು ವರ್ಷ ದೇಶದಾಗ ಎಲ್ಲೂ ಕೋಚ ಮಾಡೂಹಂಗಿಲ್ಲ. ಮಂಗ್ರಿ ಮ್ಯಾಲ ಏನೂ ಇಲ್ಲ, ಮುಂದಿನ ತಿಂಗಳು ಆಡತಾಳ. ಬಾಳಾಸಾಹೇಬರು ಅಲ್ಲೇ ಅದಾರ. ನನ್ನ ಜಾಗಾಕ್ಕ ಒಬ್ಬರು ಗಂಡಸರು ಬರತಾರ. ಆಫೀಸಿನ ಗ್ವಾಡಿ ಮ್ಯಾಲ ಕೋಚುಗಳ ಹೆಸರಿನ ಹಲಗಿ ಐತಿ, ಅದರಾಗ ನನ್ನ ಹೆಸರಿನ ಮ್ಯಾಲ ಕಾಗದ ಅಂಟಿಸ್ಯಾರ. ನಾ ಹೇಳಿದಂಗ ಆತು ನೋಡು. ಇನ್ನ ಹೆಂಗಸರನ ಕುಂದ್ರಸಂಗಿಲ್ಲ.

ಮಂಗ್ರಿ ಮನಿಗೆ ಬಂದಿದ್ಲು. ಅಡಗಿಮನಿಗೆ ಹೋಗಿ ಅನ್ನಕ್ಕಿಟ್ಲು, ಇಬ್ಬರೂ ಉಂಡ್ವಿ, ಭಾಂಡೆ ತಿಕ್ಕಿ ಹೋದ್ಲು.

ಮನಿ ಖಾಲಿ ಮಾಡಾಕತ್ತೇನಿ. ಫೆಬ್ರವರಿ ನಡುವ ಊರಿಗೆ ಬರತೇನಿ. ಸೊಲ್ಲಾಪುರದಿಂದ ರಾತ್ರಿ ಬಸ್ಸು ಹಿಡಿತೇನಿ, ನಸುಕಿನ್ಯಾಗ ಕೆನಾಲ ತಿರುವಿನ್ಯಾಗ ಇಳದು ಕಬ್ಬಿನ ಹೊಲದ ದಾರಿಲೆ ಬಂದ್ರ ಯಾರೂ ನೋಡಂಗಿಲ್ಲ. ಅಪ್ಪಗ ಒಬ್ಬಗ ಹೇಳು. ಯಾರಿಗೂ ಏನೂ ಉತ್ತರ ಕೊಡೂ ಶಕ್ತಿ ಇಲ್ಲ ಈಗ.

ರಂಜನಾ

•

ಹಟ್ಟಿಮನಿ
3 ಫೆಬ್ರವರಿ 2025

ನನ್ನ ರಂಜವ್ವಗ,

ನಿನ್ನ ಕಾಗದ ನಿಮ್ಮಪ್ಪ ಎರಡು ಸಲ ಓದಿ ಹೇಳಿದ. ಮೂರನೇ ಸಲ ನಾನ ಕಸಗೊಂಡು ಓದಿದೆ, ಅಂವ ನಡನಡುವ ಮೂಗ ಸೀಟಕೋತ ಸಾಲ ತಪ್ಪಸ್ತಿದ್ದ. ನಿಮ್ಮವ್ವಗ ಹೇಳಿದೆ. ಆಕಿ ಹಂಚು ಇಳಿಸಿ ಹೊರಗ ಹೋದ್ಲು. ಅರ್ಧಾ ತಾಸಿನ ಮ್ಯಾಲ ಬಂದು, "ಹುಡುಗಿಗೆ ಏನೂ ಆಗಲಿಲ್ಲ ಹೌದಿಲ್ಲೋ?" ಅಂತ ಕೇಳಿದ್ಲು. ನಿನ್ನ ಬಗ್ಗೆ ಅಲ್ಲ, ಮಂಗ್ರಿ ಬಗ್ಗೆ. ಇಲ್ಲ ಅಂದೆ. ತಿರುಗಿ ರೊಟ್ಟಿ ಬಡಿಯಾಕ ಕುಂತ್ಲು.

ಹಲಗಿ ಮ್ಯಾಲ ಕಾಗದ ಅಂಟಿಸಿದ್ರ ಅಂಟಿಸಲಿ. ಮಳಿಗಾಲಕ್ಕ ಬಿಚ್ಚತೈತಿ.

ಇನ್ನ ಹೆಂಗಸರನ ಕುಂದ್ರಸಂಗಿಲ್ಲ ಅಂತ ನೀ ಅಳಬ್ಯಾಡ. ನಿನ್ನನ್ನೇನ ಅವರು ಕರದು ಕುಂದ್ರಿಸಿದ್ರು? ಐದು ವರ್ಷ ಬಾಗಿಲಾ ಬಡದ ಮ್ಯಾಲ ನೀನ ಹೋಗಿ ಕುಂತಿ. ಮುಂದಿನಾಕೀನೂ ಹಂಗ ಹೋಗಿ ಕುಂದ್ರತಾಳ. ಆಕಿಗೆ ಸುಳ್ಳ ಸಹಿ ಮಾಡಿ ಖುರ್ಚಿ ಉಳಿಸಿಕೊಂಡಾಕಿ ಯಾರೂ ಬೇಕಾಗಿಲ್ಲ. ಖರೆ ಹೇಳಿ ಎದ್ದು ಬಂದಾಕಿ ಒಬ್ಬಾಕಿ ಇದ್ಲು ಅಂತ ಗೊತ್ತಿದ್ರ ಸಾಕು.

ಮೊನ್ನಿ ಬನಹಟ್ಟಿಗೆ ಹೋಗಿದ್ದೆ, ನೇಕಾರ ಮನಿ ಶ್ರೀದೇವಿ ಕಡೆ. ಹುಡುಗ್ಯಾರ ಆಟ ಐತಿ ಅಂತ ಆಕಿ ಮಗ್ಗ ಬಂದ್ ಮಾಡಿ ಟೀವಿ ಹಚ್ಚಿದ್ಲು. ಓಣ್ಯಾಗ ಉಳದ ಮಗ್ಗ ಕಟಕಟ ಅನ್ನಾಕತ್ತಿದ್ವು, ಒಂದೊಂದ ಮನ್ಯಾಗ ನಿಂತು ನಿಂತು ಕಡೀಕ ಓಣಿನ ಸುಮ್ಮನಾತು, ಹೆಂಗಸರು ಎಲ್ಲಾ ಇಲ್ಲೆ ಬಂದು ಕುಂತ್ರು. ಹೊಸ ಕೋಚು ಕೋಟು ಹಾಕ್ಕೊಂಡು ಕಾಗದ ಹಿಡಕೊಂಡು ನಿಂತಿದ್ದ. ಮಂದಿ ಅಂವನ್ನ ನೋಡಾಕತ್ತಿದ್ರು, ನಾ ಹುಡುಗ್ಯಾರನ ನೋಡಿದೆ. ಭಟ್ಟಿಯಾಕಿ ಇದ್ಲು, ಮೀನಿನಾಕಿ ಇದ್ಲು, ಚಾದ ತೋಟದ ಅಕ್ಕ-ತಂಗಿ ಇದ್ರು. ನೀ ಹುಡುಕಿದವರು ಎಷ್ಟು ಮಂದಿ ಅಂತ ಶ್ರೀದೇವಿ ಬೆರಳ ಮಡಚಾಕ ಹೋದ್ಲು, ಕೈ ಹಿಡದು ನಿಲ್ಲಿಸಿದೆ. ಆಟ ಸಮ ಆತು. ಮಂಗ್ರಿ ಗೋಲ ಹೊಡೀಲಿಲ್ಲ. ಆದ್ರ ಒಂದ ಸಲ ಕೆಳಗ ಬಿದ್ಲು, ರೆಫರಿ ಕಿಸೇಕ ಕೈ ಹಾಕಿದ, ಆಕಿ ಎದ್ದು ಅವನ ಮಾರಿ ನೋಡಕೋತ ನಿಂತ್ಲು. ಅಂವ ಕೈ ಹಿಂದಕ ತಗದ. ಬನಹಟ್ಟಿ ಹೆಂಗಸರು ಹೊಡದ ಸೀಟಿ ಕೇಳಿದ್ರ ನಿನಗೂ ನಗು ಬರತಿತ್ತು.

ಊರಿಗೆ ಬಂದ್ರ ರೇವಪ್ಪ ಸಿಕ್ಕ. "ಆಯಿ, ಒಂದ ಸಹಿ ಮಾಡಿದ್ರ ಖುರ್ಚಿ ಉಳೀತಿತ್ತಂತ ಪೇಪರಿನ್ಯಾಗ ಬಂದೈತಲ್ಲ? ನಿನ್ನ ಮೊಮ್ಮಗಳಿಗೆ ವ್ಯವಹಾರ ತಿಳಿಯಂಗಿಲ್ಲ ಬಿಡು" ಅಂದ. "ಹೌದಪಾ, ತಿಳಿಯಂಗಿಲ್ಲ. ನಿನ್ನ ಮಗಳು ಹತ್ತನೇತ್ತ ಅದಾಳಲ್ಲ, ಕಾಲೇಜಿಗೆ ಕಳಸೂವಾಗ ಎಂಥಾಕಿ ಕೈಯಾಗ ಕೊಡತಿ? ವ್ಯವಹಾರ ತಿಳದಾಕಿ ಕೈಯಾಗೋ, ತಿಳೀದಾಕಿ ಕೈಯಾಗೋ?" ಅಂದೆ. ಅಂವ, "ಯಾವಾಗ ಬರತಾಳ?" ಅಂದ. ದನಿ ಬ್ಯಾರೆ ಇತ್ತು. ನಾ ಹೇಳಲಿಲ್ಲ.

ಈಗ ಬರೂದರ ಮಾತು ಕೇಳು. ರಾತ್ರಿ ಬಸ್ಸಂತ, ಕೆನಾಲಂತ, ಕಬ್ಬಿನ ಹೊಲಂತ. ಏನ ಕಳವು ಮಾಡಿ ಬರಾಕತ್ತಿ? ಕಬ್ಬಿನ್ಯಾಗಿಂದ ಹಂದಿ ಬರತಾವ. ದೇಶದ ಕೋಚು ಬರಂಗಿಲ್ಲ. ಸೊಲ್ಲಾಪುರದಾಗ ಇಳದು ಹೊಟ್ಟಿತುಂಬ ಉಣ್ಣು, ಒಂದಿಷ್ಟು ನಿದ್ದಿ ಮಾಡು, ಮರುದಿನ ಮುಂಜಾನಿ ಬಸ್ಸು ಹಿಡಿ. ಮುಧೋಳ ಸಂತಿ ದಿನ ನೋಡಿ ಬಾ. ನಡುಮಧ್ಯಾಹ್ನಕ್ಕ, ಮಂದಿ ಗಿಚ್ಚ ಕೂಡಿದ್ಹೊತ್ತಿನ್ಯಾಗ, ಸ್ಟ್ಯಾಂಡಿನ ನಡುವ ಇಳಿ. ಫ್ಯಾಕ್ಟರಿ ಕಬ್ಬಿನ ಟ್ರ್ಯಾಕ್ಟರಿಗೆ ಬಸ್ಸು ಅರ್ಧಾ ತಾಸು ನಿಲ್ಲತೈತಿ, ಆವಾಗೂ ಕಿಡಕಿ ಪರದೆ ಎಳೀಬ್ಯಾಡ. ಕೇಳೂ ಮಂದಿ ಕೇಳಲಿ, "ಯಾಕ ಬಿಡಿಸಿದ್ರವ್ವಾ?" ಅಂತ. ಉತ್ತರ ಕೊಡೂ ಶಕ್ತಿ ಇಲ್ಲ ಅಂದೆಲ್ಲ, ಉದ್ದ ಉತ್ತರ ಬ್ಯಾಡ. "ತಪ್ಪು ನಂದಿತ್ತು, ನಂದು ಅಂದೆ" ಅನ್ನು. ಅಷ್ಟಕ್ಕ ತಿರುಗಿ ಕೇಳೂ ಗಂಡಸು ಈ ತಾಲೂಕಿನ್ಯಾಗ ಹುಟ್ಟಿಲ್ಲ.

ನಾ ಬಸ್ಸಿನ ಬಾಗಿಲಿಗೆ ನಿಂತಿರತೇನಿ. ತಲಿ ಮ್ಯಾಲ ಸೆರಗ ಹೊತ್ತು ಬಗ್ಗಿ ಇಳದಿ ಅಂದ್ರ, ಕಂಡಕ್ಟರಗ ಹೇಳಿ ಅದ ಬಸ್ಸಿಗೆ ತಿರುಗಿ ಹತ್ತಸ್ತೇನಿ.

ನಿನ್ನ ಆಯಿ
ತಂಗೆವ್ವ